ಹೇಳಿ ಬರುವ ಅತಿಥಿ

ಹೈಸ್ಕೂಲಿನಲ್ಲಿ ನಮಗೆ ಸಂಸ್ಕೃತ ಹೇಳಿಕೊಡುತ್ತಿದ್ದ ಮೇಷ್ಟರು ಒಂದು ಮಾತನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ. ಇಂಥ ದಿನ ಬರುತ್ತೇನೆಂದು ಹೇಳಿ ಬರುವವನು ನೆಂಟನಿರಬಹುದು, ಅತಿಥಿಯಲ್ಲ. ನಾವು ಹುಡುಗಿಯರು ತಲೆಯಾಡಿಸಿ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಆ ಮಾತಿನ ನಿಜವಾದ ಅರ್ಥ ನನಗೆ ತಿಳಿದದ್ದು ಅಕ್ಕನ ಮದುವೆಯಾದ ಮೇಲೆ, ಅರಸೀಕೆರೆಯ ಅವಳ ಅಡುಗೆಮನೆಯಲ್ಲಿ.

ಅರಸೀಕೆರೆ ಎಂದರೆ ರೈಲ್ವೆ ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಮೂರು ಕಡೆಯ ದಾರಿಯೂ ಅಲ್ಲಿ ಕೂಡುತ್ತದೆ. ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆಯಲ್ಲಿ ಭಾವನ ಮನೆ. ಇನ್ನು ಕೇಳಬೇಕೆ? ಗಾಡಿ ತಪ್ಪಿದವರು, ಮುಂದಿನ ಗಾಡಿಗೆ ಮೂರು ಗಂಟೆ ಕಾಯಬೇಕಾದವರು, ಹೆಣ್ಣು ನೋಡಲು ಹೊರಟವರು, ನೋಡಿ ಬಂದವರು, ಎಲ್ಲರೂ "ಇಲ್ಲೇ ಹೀಗೇ ಬಂದಿದ್ದೆವು" ಎನ್ನುತ್ತ ಗೇಟು ತೆಗೆಯುತ್ತಿದ್ದರು. ಅಕ್ಕ ಮತ್ತೆ ಎಸರಿಡುತ್ತಿದ್ದಳು. ಸಾರಿಗೆ ಒಂದು ತಂಬಿಗೆ ನೀರು ಬೆರೆಸಿ ಇನ್ನೊಂದು ಕುದಿ ಬರಿಸುತ್ತಿದ್ದಳು. ಎಲ್ಲ ಬಡಿಸಿಯಾದ ಮೇಲೆ ಯಾರಾದರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು, "ಅಯ್ಯೋ, ನನಗೆ ಇವತ್ತು ಒಪ್ಪೊತ್ತು, ಅನ್ನ ಮುಟ್ಟುವುದಿಲ್ಲವಲ್ಲ" ಎನ್ನುತ್ತಿದ್ದರು. ಅವರಿಗಾಗಿ ರವೆ ಹುರಿಯುವ ವಾಸನೆ ಏಳುತ್ತಿತ್ತು. ಎಲ್ಲರೂ ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುವಾಗ ಅಕ್ಕ ಪಾತ್ರೆಯ ತಳ ಕೆರೆದು, ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದಳು. ಆಮೇಲೆ ಗೇಟಿನವರೆಗೂ ಬಂದು, ಬಂದವರು ಸ್ಟೇಷನ್ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿರುತ್ತಿದ್ದಳು. ನಲವತ್ತು ವರ್ಷ ಇದೇ ನಡೆಯಿತು.

ಅಂಥ ಅಕ್ಕನನ್ನು ನಾನು 2024ರಲ್ಲಿ ಜಪಾನಿಗೆ ಕರೆದುಕೊಂಡು ಹೋದೆ. ನನ್ನ ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. "ಅಮ್ಮ, ದಸರಾ ರಜೆಗೆ ಬಾ, ದೊಡ್ಡಮ್ಮನನ್ನೂ ಕರೆದುಕೊಂಡು ಬಾ. ನಿಮ್ಮಿಬ್ಬರನ್ನೂ ಒಂದು ರಾತ್ರಿಯಾದರೂ ರ್ಯೋಕಾನ್‌ನಲ್ಲಿ ಇರಿಸಬೇಕು" ಎಂದು ಅವಳು ಬಹಳ ದಿನದಿಂದ ಹೇಳುತ್ತಿದ್ದಳು. ಭಾವ ಹೋಗಿ ಮೂರು ವರ್ಷವಾಗಿತ್ತು. ಅಕ್ಕ ಮನೆ ಬಿಟ್ಟು ಹೊರಗೆ ಕಾಲಿಡುವುದನ್ನೇ ನಿಲ್ಲಿಸಿದ್ದಳು. ಹೇಗೋ ಒಪ್ಪಿಸಿದೆ. ಹಬ್ಬ ಮುಗಿಸಿಕೊಂಡು ಹೊರಡುವುದು, ರಜೆ ಮುಗಿಯುವುದರೊಳಗೆ ವಾಪಸು ಬರುವುದು ಎಂದು ಲೆಕ್ಕ ಹಾಕಿದೆವು. ಆಗಿನ್ನೂ ಜೂನ್ ತಿಂಗಳು. ನಾಲ್ಕು ತಿಂಗಳಿದೆಯಲ್ಲ, ನಿಧಾನವಾಗಿ ನೋಡಿದರಾಯಿತು ಎಂದುಕೊಂಡಿದ್ದೆ. ಒಂದು ರಾತ್ರಿಯ ವಸತಿಗೆ ಇಷ್ಟೊಂದು ಪತ್ರವ್ಯವಹಾರ ಇರುತ್ತದೆಂದು ನನಗೇನು ಗೊತ್ತು?

ರ್ಯೋಕಾನ್ ಎಂದರೆ ಜಪಾನಿನ ಹಳೆಯ ಪದ್ಧತಿಯ ತಂಗುಮನೆ. ಹೋಟೆಲಿನಂತಲ್ಲ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಕೋಣೆಯಲ್ಲಿ ತತಾಮಿ ಎನ್ನುವ ಹುಲ್ಲಿನ ದಪ್ಪ ಚಾಪೆ ಹಾಸಿರುತ್ತದೆ. ಒಂದೊಂದು ಚಾಪೆಯೂ ಹೆಚ್ಚುಕಡಿಮೆ ಮೂರಡಿ ಅಗಲ, ಆರಡಿ ಉದ್ದ. ಕೋಣೆಯ ಅಳತೆಯನ್ನೂ ಅದರಲ್ಲೇ ಹೇಳುತ್ತಾರೆ: ಎಂಟು ಚಾಪೆಯ ಕೋಣೆ, ಹತ್ತು ಚಾಪೆಯ ಕೋಣೆ ಎಂದು. ಹಗಲು ಅದೇ ಕೋಣೆ ಕೂರುವುದಕ್ಕೆ, ಸಂಜೆ ಊಟಕ್ಕೆ, ರಾತ್ರಿ ಮಲಗುವುದಕ್ಕೆ. ಹಾಸಿಗೆಯನ್ನು ಗೋಡೆಯ ಬೀರುವಿನಲ್ಲಿ ಮಡಿಸಿಟ್ಟಿದ್ದು, ಊಟವಾದ ಮೇಲೆ ಅವರೇ ಬಂದು ನೆಲದ ಮೇಲೆ ಹಾಸಿಕೊಡುತ್ತಾರೆ. ಮನೆಯ ಯಜಮಾನಿಯನ್ನು ಒಕಾಮಿ ಎನ್ನುತ್ತಾರೆ. ಉಪಚಾರ ಮಾಡುವ ಹೆಂಗಸರಿಗೆ ನಕಾಯಿ ಎಂದು ಹೆಸರು. ಇಂಥ ಮನೆಗಳಲ್ಲಿ ಕೆಲವು ಎಷ್ಟು ಹಳೆಯವೆಂದರೆ, ಯಾಮಾನಾಶಿ ಪ್ರಾಂತ್ಯದ ಕೇಯುನ್‌ಕಾನ್ ಎಂಬುದು 705ನೆಯ ಇಸವಿಯಿಂದ ನಡೆಯುತ್ತಿದೆಯೆಂದು ಗಿನ್ನೆಸ್ ದಾಖಲೆಯಲ್ಲಿದೆ. ನಮ್ಮಲ್ಲಿ ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲ!

ಮೊದಲ ಗಲಾಟೆ ಶುರುವಾದದ್ದು ದುಡ್ಡಿನಿಂದ. ಮಗಳು ನೋಡಿದ್ದ ಮನೆಗೆ ಒಂದು ರಾತ್ರಿಗೆ 22,000 ಯೆನ್. ಆಗಿನ ದರದಲ್ಲಿ ನಮ್ಮ ಸುಮಾರು 12,000 ರೂಪಾಯಿ. ಇಬ್ಬರಿಗೆ ಅಷ್ಟೆಂದು ನಾನು ತಿಳಿದುಕೊಂಡೆ. ಅಲ್ಲವಂತೆ, ತಲೆಗೆ ಅಷ್ಟು! ನಮ್ಮ ಲಾಡ್ಜುಗಳಲ್ಲಿ ಕೋಣೆಗೆ ಬಾಡಿಗೆ, ಅಲ್ಲಿ ಮನುಷ್ಯರಿಗೆ. ಏಕೆಂದರೆ ಅದರಲ್ಲಿ ರಾತ್ರಿಯ ಊಟ, ಬೆಳಗಿನ ತಿಂಡಿ ಎರಡೂ ಸೇರಿರುತ್ತವೆ. ಆ ಊಟವೇ ಅವರ ಮುಖ್ಯ ಕಲಾಪ. ಅದಕ್ಕೇ ಒಬ್ಬರೇ ಹೋಗುತ್ತೇವೆಂದರೆ ಕೆಲವರು ಕೋಣೆ ಕೊಡುವುದೇ ಇಲ್ಲ. ಕೊಟ್ಟರೂ ಹೆಚ್ಚು ಕೇಳುತ್ತಾರೆ. ಶನಿವಾರ ರಾತ್ರಿಗೆ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಅವರ ರಜೆಗೆ, ಆಗಸ್ಟ್ ನಡುವಿನ ಪಿತೃಗಳ ಹಬ್ಬಕ್ಕೆ, ಹೊಸವರ್ಷಕ್ಕೆ ದರ ಏರುತ್ತದೆ. ಚೆರ್ರಿ ಹೂವಿನ ಕಾಲಕ್ಕೂ ಎಲೆ ಕೆಂಪಾಗುವ ನವೆಂಬರಿಗೂ ತಿಂಗಳುಗಳ ಮೊದಲೇ ಜಾಗ ತುಂಬುತ್ತದೆ. ಅಕ್ಟೋಬರ್ ನಡುವಿನ ವಾರದ ದಿನಗಳು ವಾಸಿ ಎಂದಳು ಮಗಳು. ಅಕ್ಟೋಬರ್ 14 ಅವರಿಗೆ ಕ್ರೀಡಾದಿನದ ರಜೆ. ಅದು ಕಳೆದ ಮೇಲೆ ಮಂಗಳವಾರ, ಬುಧವಾರ, ಗುರುವಾರಗಳನ್ನು ಹಿಡಿದೆವು.

ಅಕ್ಕನಿಗೆ ವಿಷಯ ಹೇಳಿದೆ. "ಒಂದು ರಾತ್ರಿ ಮಲಗೋದಕ್ಕೆ ಹನ್ನೆರಡು ಸಾವಿರವೇನೇ? ಅದೂ ನೆಲದ ಮೇಲೆ! ಅದಕ್ಕೆ ಅಲ್ಲೀತನಕ ಯಾಕೆ ಹೋಗಬೇಕು? ನಮ್ಮನೇಲಿ ಚಾಪೆ ಇಲ್ಲವೇ?" ಎಂದಳು. ನಕ್ಕುಬಿಟ್ಟೆ. ಆದರೆ ಅವಳ ಮಾತಿನ ಕೆಳಗಿದ್ದ ಸಂಕೋಚ ನನಗೆ ಗೊತ್ತಾಗದೆ ಇರಲಿಲ್ಲ. ತನಗಾಗಿ ಒಬ್ಬರು ಅಷ್ಟು ದುಡ್ಡು ಎತ್ತಿಡುವುದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಎರಡನೆಯದು ಪ್ರಶ್ನೆಗಳ ಪಟ್ಟಿ. ಆ ಮನೆಯವರು ಕೇಳಿದ್ದನ್ನೆಲ್ಲ ಮಗಳು ಕನ್ನಡದಲ್ಲಿ ಬರೆದು ಕಳಿಸಿದಳು. ಬರುವವರು ಎಷ್ಟು ಜನ, ವಯಸ್ಸೆಷ್ಟು? ಎಷ್ಟು ಗಂಟೆಗೆ ತಲಪುತ್ತೀರಿ? (ಮಧ್ಯಾಹ್ನ ಮೂರರ ಮೇಲೆ ಬರಬಹುದು, ಆದರೆ ಊಟದ ಹೊತ್ತಿಗೆ ಮುಂಚೆ ಇರಲೇಬೇಕು.) ರಾತ್ರಿಯೂಟ ಆರಕ್ಕೋ, ಆರೂವರೆಗೋ? ನೆಲದ ಮೇಲೆ ಕೂರಲು ಕಷ್ಟವಿದ್ದರೆ ಕುರ್ಚಿ ಬೇಕೆ? ಕೆಳಗೆ ಮಲಗಲು ಆಗದವರಿಗೆ ಮಂಚವಿರುವ ಕೋಣೆಯೂ ಉಂಟು, ಬೇಕೆ? ಯಾವ ಪದಾರ್ಥ ತಿನ್ನುವುದಿಲ್ಲ? ಯಾವುದು ಮೈಗೆ ಆಗುವುದಿಲ್ಲ? ಯಾವುದು ಇಷ್ಟವಿಲ್ಲ?

ಶಾಲೆಯಲ್ಲಿ ಮಕ್ಕಳಿಗೆ ಅರ್ಜಿ ತುಂಬಿಸಿ ಅಭ್ಯಾಸವಾದ ನಾನು ಪೆನ್ನು ಹಿಡಿದು ಫೋನಿನಲ್ಲಿ ಅಕ್ಕನನ್ನು ಒಂದೊಂದಾಗಿ ಕೇಳಿದೆ.

"ಅಕ್ಕ, ಮಂಡಿನೋವು ಇದೆಯಲ್ಲ, ಕುರ್ಚಿ ಹೇಳಲಾ?"

"ಏನೂ ಬೇಡ. ಹೇಗೋ ಕೂರ್ತೀನಿ."

"ಊಟ ಎಷ್ಟು ಗಂಟೆಗೆ?"

"ನಿಮಗೆಲ್ಲ ಯಾವಾಗ ಅನುಕೂಲವೋ ಆವಾಗ."

"ನಿನಗೆ ಇಷ್ಟವಿಲ್ಲದ್ದು ಏನು?"

"ನನಗೇನೇ? ಏನಾದರೂ ನಡೆಯುತ್ತೆ."

ಪಟ್ಟಿಯ ಮುಂದೆ ಸುಮ್ಮನೆ ಕೂತೆ. ಅರವತ್ತೈದು ವರ್ಷದ ಹೆಂಗಸಿಗೆ ಹತ್ತು ಪ್ರಶ್ನೆ ಕೇಳಿದರೆ ಹತ್ತಕ್ಕೂ ಉತ್ತರ "ನಿಮ್ಮಿಷ್ಟ." ನೀವೇ ಹೇಳಿ, ನಮ್ಮಲ್ಲಿ ಎಷ್ಟು ಜನ ಬೇರೆ ಉತ್ತರ ಕೊಟ್ಟೇವು? ಗಂಡನಿಗೆ ಉಪ್ಪು ಎಷ್ಟು, ಮಾವನಿಗೆ ಅನ್ನ ಎಷ್ಟು ಮೆತ್ತಗಾಗಬೇಕು, ನಾದಿನಿಯ ಮಗುವಿಗೆ ಯಾವ ಹಣ್ಣು ಆಗುವುದಿಲ್ಲ, ಎಲ್ಲವೂ ನಮ್ಮ ನಾಲಿಗೆಯ ತುದಿಯಲ್ಲಿದೆ. ನಮ್ಮದೊಂದು ಮಾತ್ರ ಇಲ್ಲ. ಮಗಳಿಗೆ ಹೇಳಿದರೆ ಅವಳು, "ಹಾಗೆ ಬರೆದರೆ ಅವರಿಗೆ ಅರ್ಥವಾಗುವುದಿಲ್ಲಮ್ಮ. 'ಏನಾದರೂ ನಡೆಯುತ್ತೆ' ಅಂದರೆ ಮೀನೂ ನಡೆಯುತ್ತೆ ಅಂತಲೇ" ಎಂದಳು.

ಮೀನು! ಅಲ್ಲಿಂದ ಶುರುವಾಯಿತು ಮೂರನೆಯ ಅಧ್ಯಾಯ. ನಮ್ಮ ಮನೆಗಳಲ್ಲಿ ಮೀನು ಮಾಂಸವಿಲ್ಲ. ಅಕ್ಕನಿಗೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎದುರಿಗೆ ಬಂದ ಮೀನನ್ನು ಬಿಡಬಹುದು. ಜಪಾನಿನಲ್ಲಿ ಕಷ್ಟ ಅದಲ್ಲ. ಅವರ ಅಡುಗೆಗೆಲ್ಲ ತಾಯಿಬೇರು ದಾಶಿ ಎನ್ನುವ ಕಟ್ಟು. ಸಮುದ್ರದ ಒಂದು ಬಗೆಯ ಪಾಚಿಯನ್ನೂ, ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನನ್ನೂ ಬಿಸಿನೀರಿಗೆ ಹಾಕಿ ಸಾರ ಇಳಿಸುತ್ತಾರೆ. ಬರಿಯ ಕುಂಬಳಕಾಯಿ ಬೇಯಿಸಿದರೂ ಅದರಲ್ಲೇ. ತೊವ್ವೆಯಂತೆ ದಿನವೂ ಮಾಡುವ ಮಿಸೋ ಸಾರಿಗೂ ಅದೇ. ಕಣ್ಣಿಗೆ ಕಾಣದ ಮೀನು. "ಬರಿ ತರಕಾರಿ" ಎಂದು ಬರೆದರೆ ತರಕಾರಿಯನ್ನೇ ಕೊಡುತ್ತಾರೆ, ಆ ನೀರಿನಲ್ಲಿ ಬೇಯಿಸಿ.

ಮಗಳು ಬಿಡಿಸಿ ಬರೆದಳು. ಮೂರು ಮನೆಗಳಿಂದ ಉತ್ತರ ಬಂತು. ಮೂರೂ ಬಹಳ ವಿನಯದ ಉತ್ತರಗಳು, ಮೂರೂ "ಆಗುವುದಿಲ್ಲ" ಎಂಬ ಉತ್ತರಗಳು. ದಾಶಿ ಇಲ್ಲದೆ ನಮ್ಮ ಅಡುಗೆಯವರಿಂದ ನಿಮಗೆ ತೃಪ್ತಿಯಾಗುವ ಊಟ ಸಾಧ್ಯವಾಗದು, ಕ್ಷಮಿಸಿ ಎಂದು. ನನಗೆ ಸಿಟ್ಟು ಬಂತು. ತಲೆಗೆ ಹನ್ನೆರಡು ಸಾವಿರ ಕೊಡುತ್ತೇವೆಂದರೂ ಎರಡು ಎಲೆ ಸೊಪ್ಪು ಬೇಯಿಸಿಹಾಕಲು ಆಗುವುದಿಲ್ಲವೇ? ಯಾರೇ ಬಂದರೂ ಅರಸೀಕೆರೆಯಲ್ಲಿ ಒಂದು ಹೆಣ್ಣುಜೀವ ಮತ್ತೆ ಒಲೆ ಹಚ್ಚುತ್ತಿರಲಿಲ್ಲವೇ?

ಆ ಸಿಟ್ಟಿನಲ್ಲೇ ನಾನೊಂದು ಮಾತು ಆಡಿದೆ. "ಹೋಗಲಿ ಬಿಡು, ದಾಶಿ ವಿಷಯ ಬರೆಯುವುದೇ ಬೇಡ. ಅಕ್ಕನಿಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ದೋಷವಿಲ್ಲ."

ಮಗಳು ಆ ಕಡೆಯಿಂದ ಒಂದು ಗಳಿಗೆ ಮಾತಾಡಲಿಲ್ಲ. "ಅಮ್ಮ, ನೀನೇ ಹೀಗೆ ಹೇಳ್ತೀಯಾ?" ಎಂದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸುಳ್ಳು ಹೇಳಬಾರದೆಂದು ಬೋರ್ಡಿನ ಮೇಲೆ ಬರೆಯಿಸಿ ಮಕ್ಕಳಿಂದ ಕಾಪಿ ತೆಗೆಸುವವಳು ನಾನು. ಅಕ್ಕನ ಬಾಯಿಗೆ ಅವಳಿಗೆ ತಿಳಿಯದ ಹಾಗೆ ಮೀನಿನ ನೀರು ಹಾಕಿಸಲು ಹೊರಟಿದ್ದೆನಲ್ಲ! ಅದೂ ಅವಳಿಗೆ ಸುಖ ಕೊಡುವ ಹೆಸರಿನಲ್ಲಿ. ಅವಳು ಎಂದೂ ಏನೂ ಕೇಳುವವಳಲ್ಲ ಎನ್ನುವುದೇ ನನಗೆ ಧೈರ್ಯ ಕೊಟ್ಟಿತ್ತು. "ನಿಮ್ಮಿಷ್ಟ" ಎನ್ನುವವರ ಮೇಲೆ ನಾವು ಎಷ್ಟು ಸಲೀಸಾಗಿ ನಮ್ಮಿಷ್ಟ ನಡೆಸಿಬಿಡುತ್ತೇವೆ.

ಇದರ ಮೇಲೆ ನಾಲ್ಕನೆಯ ತೊಡಕು, ಸ್ನಾನದ್ದು. ರ್ಯೋಕಾನ್‌ಗಳಿಗೆ ಜನ ಹೋಗುವುದೇ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ; ಆದರೆ ಒಳಗೆ ಎಲ್ಲರೂ ಒಟ್ಟಿಗೆ, ಮೈಮೇಲೆ ಒಂದೆಳೆ ಬಟ್ಟೆ ಇಲ್ಲದೆ ಇಳಿಯಬೇಕು. ಟವೆಲ್ಲನ್ನೂ ನೀರಿಗೆ ತಾಗಿಸುವಂತಿಲ್ಲ. ನನಗೇ ಬೆವರಿತು. ಜೊತೆಗೆ ಅಕ್ಕನ ಎಡಗೈಮೇಲೆ ಹಚ್ಚೆ ಇದೆ. ಅವಳು ಹನ್ನೆರಡು ವರ್ಷದವಳಿದ್ದಾಗ ಕೊರವಂಜಿಯೊಬ್ಬಳು ಜಗಲಿಯ ಮೇಲೆ ಕೂರಿಸಿ ಚುಚ್ಚಿದ ತುಳಸಿಕಟ್ಟೆ, ಸುತ್ತ ಐದು ಚುಕ್ಕಿ. ಜಪಾನಿನಲ್ಲಿ ಹಚ್ಚೆ ಎಂದರೆ ರೌಡಿ ಗುಂಪಿನವರ ಗುರುತೆಂದು ಹಳೆಯ ಭಯ. ಅಲ್ಲಿಯ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ವಿಚಾರಿಸಿದಾಗ ಉತ್ತರ ಕೊಟ್ಟ ತಂಗುಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳವರು ಹಚ್ಚೆಯವರನ್ನು ಸ್ನಾನಕ್ಕೆ ಬಿಡುವುದಿಲ್ಲ ಎಂದಿದ್ದರು. 2013ರಲ್ಲಿ ನ್ಯೂಜಿಲೆಂಡಿನ ಮಾವೊರಿ ಹೆಂಗಸೊಬ್ಬರನ್ನು, ಮುಖದ ಮೇಲಿನ ಅವರ ಕುಲದ ಹಚ್ಚೆಗಾಗಿ, ಹೊಕ್ಕೈದೋದ ಸ್ನಾನಗೃಹವೊಂದು ಬಾಗಿಲಿನಿಂದಲೇ ಕಳಿಸಿತ್ತು. ಅಕ್ಕನ ತುಳಸಿಕಟ್ಟೆಯ ಮೇಲೆ ಬ್ಯಾಂಡೇಜು ಅಂಟಿಸಿದರೆ ಹೇಗೆ ಎಂದೂ ಯೋಚಿಸಿದೆ. ನೋಡಿ, ಒಂದು ಮುಚ್ಚಿಡುವುದಕ್ಕೆ ಮನಸ್ಸು ಮಾಡಿದರೆ ಇನ್ನೊಂದು ತಾನಾಗಿ ಹೊಳೆಯುತ್ತದೆ.

ಭಾನುವಾರ ಬಸ್ಸು ಹತ್ತಿ ಅರಸೀಕೆರೆಗೆ ಹೋದೆ. ಹೀರೇಕಾಯಿ ತೆಗೆದುಕೊಂಡು ಹೋಗಿದ್ದೆ. ಅಕ್ಕ ಬಂದಾಗಲೂ ನಾನು ಹೋದಾಗಲೂ ಹೀರೇಕಾಯಿ ಪಲ್ಯ, ಅದರ ಸಿಪ್ಪೆಯ ಚಟ್ನಿ. ಅದು ನಮ್ಮ ರೂಢಿ. ಹೆಚ್ಚುತ್ತ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ದಾಶಿ, ಮೂರು ಮನೆಯವರ "ಆಗುವುದಿಲ್ಲ", ಹಚ್ಚೆ, ನಾನು ಮುಚ್ಚಿಡಲು ಹೊರಟದ್ದು, ಎಲ್ಲ. ಅಕ್ಕ ಬೈಯುತ್ತಾಳೆ, ಇಲ್ಲವೇ ಪ್ರಯಾಣವೇ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ಆಗೋದಿಲ್ಲ ಅಂತ ಮೊದಲೇ ಹೇಳಿದರಾ?"

"ಹೂಂ. ಎಷ್ಟು ಅಹಂಕಾರ ನೋಡು."

"ಅಹಂಕಾರ ಅಲ್ಲ ಕಣೇ. ಅಡುಗೆ ಮಾಡೋರಿಗೇ ಗೊತ್ತು ಅದು" ಎಂದಳು. ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದಳು: "ನಲವತ್ತು ವರ್ಷದಲ್ಲಿ ಒಬ್ಬರಾದರೂ ಬರೋ ಮುಂಚೆ ಒಂದು ಕಾಗದ ಹಾಕಿದ್ದರೆ, ನನಗೆ ಇದು ಬೇಡ, ಇಷ್ಟು ಜನ ಬರ್ತೀವಿ ಅಂದಿದ್ದರೆ, ಎಷ್ಟು ಚೆನ್ನಾಗಿ ಮಾಡಿಹಾಕ್ತಿದ್ದೆ ಗೊತ್ತಾ? ಎಲೆ ಮುಂದೆ ಕೂತಮೇಲೆ ಬೇಡ ಅಂತಿದ್ದರಲ್ಲ, ಆಗ ಹೊಟ್ಟೆ ಉರೀತಿತ್ತು. ನಗ್ತಾ ನಗ್ತಾ ಒಳಗೆ ಬಂದು ಬಾಣಲೆ ಕುಕ್ತಿದ್ದೆ. ಎಲ್ಲಾ ಬರೆದುಬಿಡು. ಮೀನಿನ ನೀರು ಬೇಡ, ಈರುಳ್ಳಿ ಬೇಡ, ಕೈಮೇಲೆ ಹಚ್ಚೆ ಇದೆ, ಮಂಡಿ ಮಡಚೋಕೆ ಆಗಲ್ಲ, ಕುರ್ಚಿ ಬೇಕು. ಆಗೋರು ಹೂಂ ಅಂತಾರೆ. ಯಾರೂ ಅನ್ನದೆ ಇದ್ದರೆ ಹೋಗೋದು ಬೇಡ."

ಅಕ್ಕನ ಬಾಯಿಂದ ಹೊಟ್ಟೆ ಉರಿಯುತ್ತಿತ್ತು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಬರೆದುಕೊಳ್ಳುತ್ತಿದ್ದೆ. ಅವಳು ನನ್ನ ಮುಂದಿದ್ದ ಬುಟ್ಟಿಯ ಕಡೆ ನೋಡಿ, "ಇನ್ನೊಂದು" ಎಂದಳು. "ಇಷ್ಟ ಇಲ್ಲದ್ದು ಅಂತ ಕೇಳಿದ್ದರಲ್ಲ, ಅಲ್ಲಿ ಹೀರೇಕಾಯಿ ಅಂತ ಬರಿ."

"ಹೀರೇಕಾಯಾ?"

"ನನಗೆ ಮೊದಲಿಂದಲೂ ಸೇರಲ್ಲ ಕಣೇ. ನೀನು ಆಸೆಯಿಂದ ತರ್ತೀಯ ಅಂತ ಸುಮ್ಮನಿದ್ದೆ."

ಜಪಾನಿನ ತಂಗುಮನೆಯಲ್ಲಿ ಹೀರೇಕಾಯಿ ಬಡಿಸುವ ಸಂಭವವಿಲ್ಲ ಎಂದು ಮಗಳು ನಕ್ಕಳು. ಆದರೂ ಬರೆದಳು.

ಎಲ್ಲವನ್ನೂ ತೆರೆದಿಟ್ಟು ಬರೆದ ಮೇಲೆ ದಾರಿ ತಾನಾಗಿ ಕಂಡಿತು ಎನ್ನಬೇಕು. ಒಂದು ರಾತ್ರಿ ಕೋಯಾಸಾನ್ ಬೆಟ್ಟದಲ್ಲಿ, ಒಂದು ರಾತ್ರಿ ಅರಿಮಾ ಎಂಬ ಬಿಸಿನೀರಿನ ಊರಿನಲ್ಲಿ ಎಂದು ಗೊತ್ತಾಯಿತು. ಕೋಯಾಸಾನ್ ವಾಕಾಯಾಮಾ ಪ್ರಾಂತ್ಯದಲ್ಲಿದೆ. ಒಸಾಕಾದಿಂದ ರೈಲಿನಲ್ಲಿ ಹೋಗಿ, ಕೊನೆಗೆ ಹಗ್ಗ ಎಳೆಯುವ ಕೇಬಲ್ ಗಾಡಿಯಲ್ಲಿ ಬೆಟ್ಟ ಹತ್ತಬೇಕು. ಕೂಕಾಯ್ ಎಂಬ ಗುರು 816ರಲ್ಲಿ ಸ್ಥಾಪಿಸಿದ ಬೌದ್ಧ ಕ್ಷೇತ್ರ. ಅಲ್ಲಿ ಸುಮಾರು ಐವತ್ತು ದೇವಸ್ಥಾನಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ರ್ಯೋಕಾನ್ ಅಲ್ಲದಿದ್ದರೂ ಚಾಪೆ, ನೆಲದ ಹಾಸಿಗೆ, ಎರಡು ಹೊತ್ತಿನ ಊಟ ಎಲ್ಲ ಅದೇ ಕ್ರಮ. ಅಲ್ಲಿಯ ಊಟ ಸಂನ್ಯಾಸಿಗಳ ಊಟ. ಮೀನು ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯಂಥ ಘಾಟಿನ ಪದಾರ್ಥಗಳೂ ನಿಷಿದ್ಧ. ಕಟ್ಟು ತೆಗೆಯುವುದು ಒಣ ಅಣಬೆಯಿಂದ, ಮತ್ತು ಕೊಂಬು ಎನ್ನುವ ಪಾಚಿಯಿಂದ. "ಕೊಂಬು ಅಂದರೆ ಎಮ್ಮೆ ಕೊಂಬಲ್ಲ ತಾನೇ?" ಎಂದು ಅಕ್ಕ ಖಾತ್ರಿ ಮಾಡಿಕೊಂಡಳು. ಬೆಳಗಿನ ಪೂಜೆಯಲ್ಲಿ ಅಗ್ನಿಗೆ ಆಹುತಿ ಕೊಡುವ ವಿಧಿಯನ್ನು ಗೋಮಾ ಎನ್ನುತ್ತಾರೆ. ಅದು ನಮ್ಮ ಹೋಮವೇ, ಚೀನಾ ಹಾದು ಅಲ್ಲಿಗೆ ಹೋದದ್ದು.

ಅಷ್ಟೆಲ್ಲ ನಮ್ಮದರಂತೆ ಇದ್ದ ಮೇಲೆ ಇನ್ನೊಂದೂ ನಮ್ಮದರಂತೆ ಇರಲೇಬೇಕಲ್ಲ. ಶತಮಾನಗಳ ಕಾಲ ಆ ಬೆಟ್ಟಕ್ಕೆ ಹೆಂಗಸರು ಹೋಗುವಂತಿರಲಿಲ್ಲ. ದಾರಿಯ ಬಾಗಿಲುಗಳಲ್ಲಿ ಹೆಂಗಸರಿಗೆಂದು ಕಟ್ಟಿದ ಮಂಟಪಗಳಲ್ಲಿ ಕೂತು ಅಲ್ಲಿಂದಲೇ ಕೈಮುಗಿದು ಹಿಂದಿರುಗಬೇಕಿತ್ತು. 1872ರಲ್ಲಿ ಸರ್ಕಾರ ಆ ನಿಷೇಧವನ್ನು ತೆಗೆಯಿತು. ಬೆಟ್ಟ ನಿಜವಾಗಿ ಬಾಗಿಲು ತೆರೆಯಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಅಂಥ ಮಂಟಪ ಒಂದು ಮಾತ್ರ ಈಗಲೂ ಉಳಿದಿದೆ. ನಾವು ಹೋದಾಗ ಅಕ್ಕ ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ಆ ಸಂಜೆ ಒಳಗಿನ ಕೋಣೆಯಲ್ಲಿ ತರುಣ ಸಂನ್ಯಾಸಿಯೊಬ್ಬ ಅರಗಿನ ಮೆರುಗಿನ ಪುಟ್ಟ ಮೇಜಿನಲ್ಲಿ ಎಳ್ಳಿನ ಹಾಲಿನಿಂದ ಮಾಡಿದ ತೋಫು ತಂದು ಅವಳ ಮುಂದಿಟ್ಟು ಬಾಗಿದ.

ಅರಿಮಾ ಕೋಬೆ ನಗರದ ಹಿಂದಿನ ಗುಡ್ಡಗಳಲ್ಲಿರುವ ಊರು. ಒಸಾಕಾದಿಂದ ಬಸ್ಸಿನಲ್ಲಿ ಒಂದು ಗಂಟೆ. ಜಪಾನಿನ ಅತಿ ಹಳೆಯ ಬುಗ್ಗೆಗಳಲ್ಲಿ ಒಂದು. ಕಬ್ಬಿಣ, ಉಪ್ಪು ಸೇರಿದ ಅಲ್ಲಿಯ ನೀರು ಗಾಳಿ ತಾಗುತ್ತಲೇ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಅವರು ಚಿನ್ನದ ನೀರು ಎನ್ನುತ್ತಾರೆ. ಅಲ್ಲಿ ಒಂದು ಸಣ್ಣ ಮನೆಯವರು ಒಪ್ಪಿದರು. ಒಂದು ವಾರ ಮೊದಲು ಖಚಿತಪಡಿಸಿದರೆ ಕೊಂಬಿನ ಕಟ್ಟಿನಲ್ಲೇ ಎಲ್ಲ ಮಾಡುತ್ತೇವೆ. ಮೊಟ್ಟೆ, ಹಾಲು, ಜೇನು ಆಗುತ್ತದೆಯೇ ಎಂದು ಮರುಪ್ರಶ್ನೆ ಕಳಿಸಿದರು. ಮೊಟ್ಟೆ ಬೇಡ, ಮಿಕ್ಕವು ಆಗಬಹುದು ಎಂದೆವು. ಸ್ನಾನಕ್ಕೂ ದಾರಿ ಇತ್ತು. ಎಷ್ಟೋ ಮನೆಗಳಲ್ಲಿ ಒಂದು ಕುಟುಂಬಕ್ಕೆಂದು ಬೀಗ ಹಾಕಿಕೊಳ್ಳುವ ಪುಟ್ಟ ಸ್ನಾನದ ಕೋಣೆ ಇರುತ್ತದೆ. ಮೊದಲೇ ಹೇಳಿದರೆ ಐವತ್ತು ನಿಮಿಷ ನಿಮಗೇ ಬಿಟ್ಟುಕೊಡುತ್ತಾರೆ. ಹಚ್ಚೆಯ ಪ್ರಶ್ನೆ, ನಾಚಿಕೆಯ ಪ್ರಶ್ನೆ ಎರಡೂ ಒಂದೇ ಬೀಗದಲ್ಲಿ ಮುಗಿದವು. ತೊಟ್ಟಿಗೆ ಇಳಿಯುವ ಮೊದಲು ಹೊರಗೇ ಮೈ ತೊಳೆದುಕೊಳ್ಳಬೇಕು ಎಂದದ್ದಕ್ಕೆ ಅಕ್ಕ, "ಪುಷ್ಕರಿಣಿಗೂ ಹಾಗೇ ಅಲ್ಲವೇ ಇಳಿಯಬೇಕಾದ್ದು, ನಾವು ಮರೆತಿದ್ದೀವಿ ಅಷ್ಟೆ" ಎಂದಳು.

ಹೊರಡುವವರ ಅನುಕೂಲಕ್ಕೆ ಇನ್ನೆರಡು ಮಾತು. ನಮ್ಮ ಮನೆಯವರ ನಿಯಮದಂತೆ ಒಂದು ವಾರದೊಳಗೆ ರದ್ದು ಮಾಡಿದರೆ ಸ್ವಲ್ಪ ಸ್ವಲ್ಪವಾಗಿ ದುಡ್ಡು ಹೋಗುತ್ತಿತ್ತು; ಆ ದಿನವೇ ಬರುವುದಿಲ್ಲವೆಂದರೆ ಪೂರ್ತಿ. ಮೊದಲು ಇದು ಕ್ರೂರವೆನಿಸಿತ್ತು. ಆದರೆ ನಮ್ಮಿಬ್ಬರಿಗಾಗಿಯೇ ತರಕಾರಿ ತಂದು ಬೇರೆ ಕಟ್ಟು ಇಳಿಸಿರುತ್ತಾರಲ್ಲ! ಬುಗ್ಗೆಯ ಊರುಗಳಲ್ಲಿ ಸ್ನಾನದ ತೆರಿಗೆ ಎಂದು ತಲೆಗೆ ಸಾಮಾನ್ಯವಾಗಿ 150 ಯೆನ್ ಬೇರೆ ಕೊಡಬೇಕು. ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಪ್ರತಿ ತೆಗೆದುಕೊಳ್ಳುತ್ತಾರೆ. ಟಿಪ್ಸ್ ಕೊಡುವ ರೂಢಿಯಿಲ್ಲ. ಅವರು ಕೊಡುವ ಯುಕತಾ ಎಂಬ ಹತ್ತಿಯ ನಿಲುವಂಗಿಯ ಎಡ ಸೆರಗು ಮೇಲೆ ಬರುವಂತೆ ಸುತ್ತಿಕೊಳ್ಳಬೇಕು. ಬಲ ಸೆರಗು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ.

ಅಕ್ಟೋಬರ್ 17ರ ಗುರುವಾರ, ಮೂರೂವರೆಗೆ, ಹೇಳಿದ ಗಂಟೆಗೆ ಸರಿಯಾಗಿ ಅರಿಮಾದ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ಒಕಾಮಿ ಮಂಡಿಯೂರಿ ಬಾಗಿದಳು. ನಮ್ಮ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು ಆಗಲೇ ಬಂದಿದ್ದವು. ಚಹ, ಒಂದು ಸಿಹಿ ತಂದಿಟ್ಟರು. ಸಂಜೆ ಬೀಗ ಹಾಕಿಕೊಂಡು ಕೆಮ್ಮಣ್ಣಿನ ನೀರಿಗೆ ಇಳಿದಾಗ ಅಕ್ಕ ಎಡಗೈಯನ್ನು ನೀರಿನ ಮೇಲೆ ಎತ್ತಿ ತುಳಸಿಕಟ್ಟೆಯನ್ನು ತಾನೇ ಹೊಸದಾಗಿ ಕಂಡಂತೆ ನೋಡಿಕೊಂಡಳು. ಆರೂವರೆಗೆ ಊಟ. ಬದನೆಕಾಯಿ, ಅಣಬೆ, ತೋಫು, ಕುಂಬಳ ಒಂದಾದ ಮೇಲೊಂದು ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬಂದವು. ಕೊನೆಗೆ ಅನ್ನ, ಉಪ್ಪಿನಕಾಯಿ, ಸಾರು. ನಕಾಯಿ ಪ್ರತಿ ಬಟ್ಟಲನ್ನೂ ಇಟ್ಟು "ಕೊಂಬು, ಕೊಂಬು" ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಮೊದಲೆರಡು ಸಲ ಅಕ್ಕ ಖಾಲಿ ಬಟ್ಟಲು ಎತ್ತಿಕೊಂಡು ಏಳಲು ಹೋದಳು. ಮೂರನೆಯ ಸಲ ನಕಾಯಿ ಅವಳ ಭುಜದ ಮೇಲೆ ಮೆತ್ತಗೆ ಕೈಯಿಟ್ಟಳು. ಅಕ್ಕ ಕೂತಳು. ನಾವಿಬ್ಬರೂ ಒಟ್ಟಿಗೆ ಉಂಡೆವು, ಬಿಸಿಬಿಸಿಯಾಗಿ. ಅಕ್ಕ ಬಿಸಿ ಸಾರು ಉಣ್ಣುವುದನ್ನು ನಾನು ಎಷ್ಟು ವರ್ಷದ ಮೇಲೆ ನೋಡಿದೆನೋ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ತನ್ನ ಹಾಸಿಗೆಯನ್ನು ಮಡಿಸಿ ಮೂಲೆಗಿಟ್ಟಿದ್ದಳು. "ಅವರೇ ತೆಗೀತಾರೆ ಅಂದಿದ್ದೆನಲ್ಲ" ಎಂದೆ. "ಬೆನ್ನು ಅವರಿಗೂ ಇರುತ್ತೆ ಕಣೇ" ಎಂದಳು.

ಹತ್ತು ಗಂಟೆಗೆ ಹೊರಟೆವು. ಒಕಾಮಿ, ನಕಾಯಿ ಇಬ್ಬರೂ ಬಾಗಿಲಾಚೆ ರಸ್ತೆಯವರೆಗೂ ಬಂದು ಬಾಗಿದರು. ಬಸ್ ನಿಲ್ದಾಣಕ್ಕೆ ಇಳಿಜಾರು. ಇಪ್ಪತ್ತು ಹೆಜ್ಜೆ ನಡೆದು ಅಕ್ಕ ತಿರುಗಿ ನೋಡಿದಳು. ಅವರು ನಿಂತೇ ಇದ್ದರು, ಕೈ ಬೀಸಿದರು. ಇನ್ನಷ್ಟು ದೂರ ಹೋಗಿ ಮತ್ತೆ ತಿರುಗಿದಳು. ಇನ್ನೂ ನಿಂತಿದ್ದರು.

"ನಾವು ತಿರುಗೋವರೆಗೂ ನಿಂತಿರ್ತಾರೆ, ನೋಡ್ತಿರು" ಎಂದಳು ಅಕ್ಕ, ಆ ರೂಢಿ ತನಗೆ ಚೆನ್ನಾಗಿ ಗೊತ್ತು ಎಂಬಂತೆ. ತಿರುವು ಬಂದಾಗ ನಾನು ಮುಂದೆ ಹೋಗಿದ್ದೆ. ಅಕ್ಕ ಅಲ್ಲಿ ನಿಂತು, ಕೈಚೀಲವನ್ನು ಕೆಳಗಿಟ್ಟು, ಎರಡೂ ಕೈ ಎತ್ತಿ ಮುಗಿದು, ಆಮೇಲೆ ಬಂದಳು.